ಹಿಂಗಾಲು ಹಿಡಿ

ಬೊಗಳುವ ನಾಯಿ ಕಚ್ಚೋದಿಲ್ಲ ಅಂತಾರೆ.
ಇವೆರಡೂ ಬೊಗಳಲೇ ಇಲ್ಲ.

ಬ್ಯಾಲರಟ್ಟಿನ ಜುಲೈ, ಬೆಳಗಿನ ಏಳು.
ಫುಟಿ ಮೈದಾನದ ಹುಲ್ಲಿಗೆ ಯಾರೋ ಉಪ್ಪು ಎರಚಿದಂತೆ
ಇಬ್ಬನಿ ಹೆಪ್ಪುಗಟ್ಟಿತ್ತು.
ಕೌನ್ಸಿಲ್ ವ್ಯಾನಿನಲ್ಲಿ ಕೂತು ನಾನು
ಫ್ಲಾಸ್ಕಿನ ಮುಚ್ಚಳ ತಿರುವುತ್ತಿದ್ದೆ.
ಒಂದು ಸದ್ದು:
ಒದ್ದೆ ಕಂಬಳಿಯನ್ನು ಕಲ್ಲಿಗೆ ಒಗೆದ ಹಾಗೆ.
ಆಮೇಲೆ ಹೆಂಗಸಿನ ಕೂಗು.

ಕೂಗಬೇಡಿ ನೊರೀನ್, ಕೂಗಬೇಡಿ,
ಕೂಗಿದಷ್ಟೂ ಅವಕ್ಕೆ ಹುರುಪು,
ತಮ್ಮ ಕಡೆಯವರು ಬಂದರು ಅಂದುಕೊಳ್ಳುತ್ತವೆ.
ಮಧ್ಯೆ ಕೈ ಹಾಕಬೇಡಿ.
ಹಾಕಿಯೇಬಿಟ್ಟರು.
ಎಪ್ಪತ್ತೊಂದು ವರ್ಷದ ಕೈ, ತಾವೇ ಹೆಣೆದ ಕೈಗವಸು,
ನೀಲಿ ಉಣ್ಣೆ ಕೆಂಪಾಗಲು ಎಷ್ಟು ಹೊತ್ತು ಬೇಕು?

ಅಗಲ ತಲೆಯದು ಹುಡುಗನದು. ಹೆಸರು ಪುಡಿಂಗ್.
ಚೂಪು ಮೂತಿಯದು ಅಜ್ಜಿಯ ಕೆಲ್ಪಿ. ಹೆಸರು ಡಾಟ್.
ಕುರಿ ಕಾಯುವ ಕುಲ, ಕುರಿಯಿಲ್ಲದ ಬೀದಿ;
ದಿನವಿಡೀ ಬೇಲಿಯುದ್ದಕ್ಕೂ ಓಡಿ
ಹೋಗಿಬರುವ ಕಾರುಗಳನ್ನು ಕಾಯುತ್ತದೆ.

"ಹಿಂಗಾಲು ಹಿಡಿ!" ಅಂದೆ ಹುಡುಗನಿಗೆ.
ಕನ್ನಡದಲ್ಲಿ ಅಂದೆ. ಅವಸರದಲ್ಲಿ ಬಾಯಿಗೆ ಬರುವುದು ಅದೇ.
ನನ್ನ ಕೈ ನೋಡಿ ತಿಳಿದುಕೊಂಡಿರಬೇಕು ವಿರೆಮು,
ಟೈಲ್ಸ್ ಹಾಕುವ ಹುಡುಗ, ಮಂಡಿಯ ಮೇಲೆ ನಿನ್ನೆಯ ಸಿಮೆಂಟು.

ತಳ್ಳುಗಾಡಿಯ ಹಿಡಿಕೆ ಎತ್ತಿದ ಹಾಗೆ
ಎರಡೂ ಹಿಂಗಾಲು ನೆಲ ಬಿಡಬೇಕು.
ಎಳೆಯಬಾರದು. ಹಲ್ಲು ಕೂತಿರುವಾಗ ಎಳೆದರೆ
ಹರಿಯುವುದು ಚರ್ಮ.
ಕಾಯಬೇಕು.
ಹಿಡಿತ ಬದಲಿಸಲು ದವಡೆ ಸಡಿಲವಾಗುವ ಒಂದು ಚಣ
ಬಂದೇ ಬರುತ್ತದೆ, ಅಲ್ಲಿಯತನಕ
ಒದೆಯುವ ಬೆಚ್ಚನೆ ಕಾಲುಗಳನ್ನು ಹಿಡಿದು
ಸುಮ್ಮನೆ ನಿಲ್ಲಬೇಕು.
ಬಂತು.
ಹಿಂದಕ್ಕೆ, ಸುತ್ತಿ ಸುತ್ತಿ ಹಿಂದಕ್ಕೆ,
ನಿಂತೆಯೋ, ತಿರುಗಿ ನಿನ್ನನ್ನೇ ಹಿಡಿಯುತ್ತದೆ.

ವ್ಯಾನಿನ ಬಾನೆಟ್ಟಿನ ಮೇಲೆ ಫಾರಂ.
ನಾಯಿಯ ಹೆಸರು. ಬಣ್ಣ. ಗಂಡೋ ಹೆಣ್ಣೋ. ಆಮೇಲೆ ಆ ಕಾಲಂ.
ಇಂಗ್ಲಿಷಿನಲ್ಲಿ ಅದಕ್ಕೆ ಬೇರೆಯೇ ಪದ,
ನಾಯಿ ಕುದುರೆ ದನಗಳಿಗೆ ಮೀಸಲು.
ನನ್ನ ಭಾಷೆಯಲ್ಲಿ ನಾಯಿಗೂ ನನಗೂ ಒಂದೇ:
ಜಾತಿ.
ಆರನೇ ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿ
ಹಾಜರಿ ಪುಸ್ತಕದಿಂದ ತಲೆಯೆತ್ತದೆ
ಗಟ್ಟಿಯಾಗಿ ಹೇಳು ಅಂದಿದ್ದರು ಮೇಷ್ಟ್ರು.
ಹೇಳಿದೆ.
ಪಕ್ಕದವಳು ಲಂಗ ಸರಿಸಿಕೊಂಡಳು.
ಮಾರಕ್ಕ ಇಲ್ಲಿಗೆ ಬಂದು ಮಾರಾ ಆದಳು,
ಬ್ಯಾಡ್ಜಿನಲ್ಲಿ ನಾಲ್ಕೇ ಅಕ್ಷರ, ಮುಂದಕ್ಕೆ ಯಾರೂ ಕೇಳಲಿಲ್ಲ.

"ಆ ತಲೆ ನೋಡು, ಆ ದವಡೆ ನೋಡು,
ರಕ್ತದಲ್ಲೇ ಇರುತ್ತೆ" ಅನ್ನುತ್ತಾರೆ ನೊರೀನ್.
ಅವರ ರಕ್ತ ಟಿಶ್ಯೂ ದಾಟಿ ಮೊಣಕೈಗೆ ಇಳಿಯುತ್ತಿದೆ.
ಗಾಯದ ಪಕ್ಕ ಸ್ಕೇಲು ಹಿಡಿಯುತ್ತೇನೆ:
ಕೋರೆಯಿಂದ ಕೋರೆಗೆ ಸಣ್ಣ ಅಂತರ, ಕಿರಿದಾದ ಬಾಯಿ.
ಡಾಟ್ ಅವರ ಪಾದದ ಬಳಿ ಮಲಗಿ
ಮೂತಿ ನೆಕ್ಕಿಕೊಳ್ಳುತ್ತಿದೆ.
ಈಗ ಇದನ್ನು ಅವರಿಗೆ ಹೇಗೆ ಹೇಳಲಿ?

ಹಾಗಂತ ಪುಡಿಂಗ್ ಹಸುವಲ್ಲ.
ಕೆಲ್ಪಿಯ ಎಡಗಿವಿ ಅರ್ಧ ಇಲ್ಲ.
ಇನ್ನೂ ಒಂದಿದೆ, ಯಾರೂ ನೋಡದ್ದು:
ಓಡಿ ಬಂದಾಗ ನನ್ನ ಕಾಲು ತಾನಾಗಿ ಹೋದದ್ದು
ಚೂಪು ಮೂತಿಯ ಕಡೆಗೆ.
ಅಗಲ ತಲೆಯದನ್ನು
ಹತ್ತೊಂಬತ್ತರ ಹುಡುಗನಿಗೆ ಬಿಟ್ಟೆ.
ಅದನ್ನು ಯಾವ ಕಾಲಂನಲ್ಲಿ ಬರೆಯಲಿ.

"ಪೌಂಡಿನವರು ಮಿಶ್ರ ಅಂತ ಬರೆದಿದ್ದರು," ವಿರೆಮು ಅನ್ನುತ್ತಾನೆ,
"ನೀವೇನು ಬರೀತೀರಿ?"
ಜಂಪರ್ ಬಿಚ್ಚಿ ಸುತ್ತಿ ಹಿಡಿದಿದ್ದಾನೆ,
ಬೋನಿನೊಳಗೆ ಇಡಬಹುದಾ, ವಾಸನೆಗೆ.
ನಿಯಮದಲ್ಲಿ ಇಲ್ಲ.
ಚಿಲಕ ತೆಗೆಯುತ್ತೇನೆ.

ಚಳಿಗೆ ಪೆನ್ನು ಬರೆಯುತ್ತಿಲ್ಲ.
ಬಾಯಿಯ ಹತ್ತಿರ ಹಿಡಿದು ಉಸಿರು ಬಿಡುತ್ತೇನೆ,
ಫಾರಮ್ಮಿನ ಅಂಚಿನಲ್ಲಿ ಗೀಚುತ್ತೇನೆ.
ಒಂದು ಗೀಟು ಮೂಡಿದೆ.
ಅಕ್ಷರ ಇನ್ನೂ ಅಲ್ಲ.